ನಿಂಗಣ್ಣನ ಗಿಲಾವು

ಬಿಲ್ಡರುಗಳಿಗೆ ಅಭಿಪ್ರಾಯ ಬೇಡ, ಹೊಗಳಿಕೆ ಬೇಕು. ಆ ಹೊಗಳಿಕೆಗೆ ಫೀಡ್‌ಬ್ಯಾಕ್ ಅಂತ ಹೆಸರಿಟ್ಟು ವೆಬ್‌ಸೈಟಿನ ಮೂಲೆಯಲ್ಲಿ ಕೂರಿಸಿಕೊಡುವುದು ನಾಶಿಕದ ಸಣ್ಣ ಕಚೇರಿಯಲ್ಲಿ ರೇಷ್ಮಾಳ ಕೆಲಸ. ಸಂಭಾಜಿನಗರದ ಬಿಲ್ಡರೊಬ್ಬನಿಗೆ ಅವಳು ಕೂರಿಸಿದ ಗುಂಡಿ ಒತ್ತಿದರೆ ಐದು ನಕ್ಷತ್ರ, ಮಾತಾಡಲು ಮೈಕು. ಹೆಚ್ಚು ನಕ್ಷತ್ರ ಕೊಟ್ಟವರ ಮಾತು ಅಕ್ಷರವಾಗಿ ಎಲ್ಲರಿಗೂ ಕಾಣುವ ಪುಟಕ್ಕೆ, ಕಡಿಮೆ ಕೊಟ್ಟವರದು ಕಸದ ಬುಟ್ಟಿಗೆ. ಹಾಗಂತ ಬಿಲ್ಡರನ ಅಪ್ಪಣೆ.

ಅದೇ ಬಿಲ್ಡರನ ಫ್ಲ್ಯಾಟುಗಳ ಗೋಡೆಗೆ ಸಿಮೆಂಟು ಬಳಿದು ಗಿಲಾವು ಮಾಡುತ್ತಿದ್ದಾಗಲೇ, ಕರ್ನಾಟಕದಿಂದ ಕೂಲಿಗೆ ಬಂದಿದ್ದ ಅವಳ ಅಪ್ಪ ನಿಂಗಣ್ಣ ಅಟ್ಟಣಿಗೆಯಿಂದ ಬಿದ್ದು ಸತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರಂತೆ. ಇಲ್ಲಿ ಕೆಸರು ಒಬ್ಬನದು, ಮೊಸರು ಇನ್ನೊಬ್ಬನದು. ರೇಷ್ಮಾ ಹಲ್ಲು ಕಚ್ಚಿ ಕೆಲಸ ಮಾಡಿದಳು. ಅವಳ ಮತ್ತು ಅವ್ವ ಸಕ್ರವ್ವನ ಹೊಟ್ಟೆ ನಡೆಯಬೇಕಿತ್ತು.

ನಿಂಗಣ್ಣ ಬಿದ್ದ ದಿನ ಸೂಪರ್‌ವೈಸರ್ ಸತ್ತವನ ಹೆಸರು ಕೇಳಿದಾಗ ಸಕ್ರವ್ವ ಸೆರಗು ಹೊದ್ದು, "ರೇಷ್ಮಾನ ಅಪ್ಪ ಅದಾರ್ರೀ" ಎಂದಿದ್ದಳಷ್ಟೆ. ಗಂಡನ ಹೆಸರು ಬಾಯಲ್ಲಿ ತರಬಾರದೆಂದು ಬೆಳೆದವಳು. ಅವರು 'ಅನಾಮಿಕ ಕೂಲಿ' ಎಂದು ಬರೆದುಕೊಂಡರು. ರೇಷ್ಮಾ ನಾಶಿಕದಿಂದ ಓಡಿಬಂದು ಕೇಳುವಷ್ಟರಲ್ಲಿ, ನಿಂಗಣ್ಣ ಎಂಬವನು ಇಲ್ಲಿ ದುಡಿದೇ ಇಲ್ಲ ಎಂದುಬಿಟ್ಟರು. ಅಂದಿನಿಂದ ಸಕ್ರವ್ವನದು ಒಂದೇ ಮಾತು: "ನಾನಽ ಅವರನ್ನ ಇಲ್ಲದಂಗ ಮಾಡಿದೆ."

ಗುಂಡಿ ಸರಿಯಾಗಿ ನಡೆಯುತ್ತದೆಯೇ ಎಂದು ರೇಷ್ಮಾ ಸಂಜೆ ಮನೆಯಲ್ಲಿ ಮೊಬೈಲಿನಲ್ಲಿ ನೋಡುತ್ತಿದ್ದಳು. ಈಗ ಮಗಳ ಜೊತೆಗೇ ಇದ್ದ, ಓದು ಬಾರದ ಸಕ್ರವ್ವ ಇಣುಕಿದಳು.

"ಇದು ನಮ್ಮ ಬಿಲ್ಡಿಂಗ್ ಅಲ್ಲೇನ? ಇದರಾಗ ಮಾತಾಡಿದ್ರ ಎಲ್ಲಾರೂ ಓದ್ತಾರೇನ?"

"ಸ್ಟಾರ್ ಜಾಸ್ತಿ ಕೊಟ್ರ ಓದ್ತಾರ ಅವ್ವಾ."

"ನಿಮ್ಮಪ್ಪನ ಕೆಲಸಕ್ಕ ಕಮ್ಮಿ ಕೊಡ್ಲೇನ?" ಎಂದು ಗದರಿ, ಐದೂ ನಕ್ಷತ್ರ ಒತ್ತಿಸಿಕೊಂಡು, ಸೆರಗು ಸರಿಮಾಡಿಕೊಂಡು ಮೈಕಿಗೆ ಬಾಯಿ ಹಚ್ಚಿದಳು.

"ನನ್ನ ಗಂಡನ ಹೆಸರು ನಿಂಗಣ್ಣ ರೀ. ಈ ಮನಿ ಗಿಲಾವು ಅವರಽ ಮಾಡ್ಯಾರ. ಗ್ವಾಡಿ ಮ್ಯಾಲ ಕೈಯಾಡಸ್ರಿ, ಎಲ್ಲೂ ತಗ್ಗಿಲ್ಲ. ಇಲ್ಲೇ ಬಿದ್ದು ಹೋದ್ರು. ನೀವು ಚಂದಾಗಿ ಬಾಳ್ರಿ."

ಮಾತೆಲ್ಲ ಅಕ್ಷರವಾಗಿ ಪುಟದಲ್ಲಿ ಮೂಡಿತು. ರೇಷ್ಮಾ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು ಓದಿ ತೋರಿಸಿದಳು. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಗಂಡ ಸತ್ತ ಮೇಲೆ ಸಕ್ರವ್ವ ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಮರುದಿನ ಕಚೇರಿಯ ಯಜಮಾನ ರವಿಕಾಂತ ರೇಷ್ಮಾಳ ಮೇಜಿನ ಬಳಿ ಬಂದು ನಿಂತ. ಕೆಟ್ಟವನಲ್ಲ, ಪುಕ್ಕಲ. ಬಿಲ್ಡರ್ ಯಾರಿಂದಲೋ ಆ ಕನ್ನಡ ಓದಿಸಿ ಕೆಂಡವಾಗಿದ್ದಾನೆ, ಈಗಲೇ ಅಳಿಸು, ಇಲ್ಲವಾದರೆ ಇಬ್ಬರೂ ಮನೆಗೆ ಹೋಗೋಣ ಎಂದು ಮರಾಠಿಯಲ್ಲಿ ಗೋಗರೆದ. ಯಾರು ಬರೆದದ್ದೆಂದು ಅವನಿಗೆ ಗೊತ್ತಿರಲಿಲ್ಲ. ರೇಷ್ಮಾ ಹೇಳಲೂ ಇಲ್ಲ. ಬಾಯಿಪಾಠ ಆಗುವವರೆಗೆ ಅದನ್ನು ಓದಿದಳು. ಆಮೇಲೆ ಅಳಿಸಿದಳು. ಅಪ್ಪನನ್ನು ಎರಡನೇ ಸಲ ಮಣ್ಣಿಗಿಟ್ಟಷ್ಟು ಸಂಕಟವಾಯಿತು.

ಸಂಜೆ ಬಾಗಿಲಲ್ಲೇ ಸಕ್ರವ್ವ ಕಾಯುತ್ತಿದ್ದಳು. "ಇನ್ನೊಮ್ಮೆ ಓದಿ ತೋರಸವ್ವಾ."

ರೇಷ್ಮಾ ಮೊಬೈಲು ತೆರೆದಳು. ಆ ಜಾಗದಲ್ಲಿ ಈಗ ಯಾರೋ ಲಿಫ್ಟನ್ನು ಹೊಗಳಿದ್ದರು. ಅದರ ಮೇಲೆ ಕಣ್ಣಿಟ್ಟು, "ನನ್ನ ಗಂಡನ ಹೆಸರು" ಎಂದು ಶುರುಮಾಡಿದಳು. ಮತ್ತೆ ಮೊದಲಿನಿಂದ, "ನನ್ನ ಗಂಡನ ಹೆಸರು" ಎಂದಳು.

ಮಗಳಿಗೆ ಕನ್ನಡ ಓದಲು ತೊಡಕಾಯಿತೆಂದುಕೊಂಡ ಸಕ್ರವ್ವ, ಲಿಫ್ಟಿನ ಹೊಗಳಿಕೆಯ ಮೇಲೆ ಬೆರಳಿಟ್ಟಳು.

"ನಿಂಗಣ್ಣ ಅಂತ ಐತಿ ನೋಡು. ಇಲ್ಲೇ."

"ಹೂಂ ಅವ್ವಾ," ಎಂದಳು ರೇಷ್ಮಾ. "ಇಲ್ಲೇ ಐತಿ."