ಎರಡು ಕೊಂಡಿ ಹೆಚ್ಚು

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆ ಕಟ್ಟಿದವರ ಬಾಯಿಗೆ ಬೀಗ ಹಾಕುವಂತೆ ಬದುಕಿದವನು ಯಲಹಂಕದ ಮುನಿಶಾಮಾಚಾರಿ. ಸರ್ಕಾರ ಚಿನ್ನದ ಕೆಲಸಕ್ಕೆ ಕಟ್ಟುಪಾಡು ಹಾಕಿ ವರ್ಷವಾಗಿತ್ತು. ಬೆಳ್ಳಿಯಲ್ಲಿ ಮಕ್ಕಳ ಉಡಿದಾರ ಮಾಡಿಕೊಂಡು ದಿನ ತಳ್ಳುತ್ತಿದ್ದ. ತಂತಿಯನ್ನು ಉಕ್ಕಿನ ಕಡ್ಡಿಗೆ ಸುತ್ತಿ, ಕತ್ತರಿಸಿ, ಕೊಂಡಿಗೆ ಕೊಂಡಿ ಹೆಣೆದು ಬೆಸುಗೆ ಹಾಕುವ ಕೆಲಸ. ಒಂದು ಗುಲಗಂಜಿಯಷ್ಟು ಬೆಳ್ಳಿ ಉಳಿದರೂ ಪೊಟ್ಟಣ ಕಟ್ಟಿ ವಾಪಸು ಕೊಡುತ್ತಿದ್ದ ಪುಣ್ಯಾತ್ಮ.

ಅಂಥವನು ಈ ಸಲ ಕೊಟ್ಟಿರಲಿಲ್ಲ.

ಕೆಂಪಾಪುರದ ಮುನಿಕೃಷ್ಣಮ್ಮನ ಮನೆಯಲ್ಲಿ ಒಂದು ಪದ್ಧತಿ. ಯುಗಾದಿ ಬಂತೆಂದರೆ ಮಗುವಿನ ಉಡಿದಾರಕ್ಕೆ ಎರಡು ಕೊಂಡಿ ಸೇರಿಸಬೇಕು, ಆಯಸ್ಸು ಬೆಳೆಯಲಿ ಅಂತ. ಸೇರಿಸುವುದುಂಟು, ತೆಗೆಯುವುದು ಎಂಬ ಮಾತೇ ಇಲ್ಲ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಅವಳಿಗೆ ಹುಟ್ಟಿದವನು ಈ ಮೂರು ವರ್ಷದ ಕದಿರ. ಹಬ್ಬಕ್ಕೆ ಇನ್ನೂ ವಾರವಿದ್ದಾಗ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, "ಎರಡು ಸೇರ್ಸಿ ಆಚಾರ್ರೇ" ಅಂದಳು.

ಆಚಾರಿ ಸೊಂಟಕ್ಕೆ ದಾರ ಸುತ್ತಿ ಅಳೆದ. ಅಯ್ಯೋ ಶಿವನೇ! ಹೋದ ವರ್ಷಕ್ಕಿಂತ ನಾಲ್ಕು ಬೆರಳು ಕಮ್ಮಿ. ತಾಯಿಯ ಮುಖ ನೋಡಿದ. ಅಳತೆಯ ದಾರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ಹಬ್ಬದ ಹಿಂದಿನ ದಿನ ಬಾ ತಾಯಿ" ಅಂದು ಉಡಿದಾರ ಇಟ್ಟುಕೊಂಡ. ಅದನ್ನು ಕರಗಿಸಿ, ಹೊಸದಾಗಿ ತಂತಿ ಎಳೆದು, ಸಣ್ಣ ಕಡ್ಡಿಗೆ ಸುತ್ತಿದ. ಕೊಂಡಿ ಕಿರಿದಾಯಿತು. ಎಣಿಕೆಯಲ್ಲಿ ಎರಡು ಹೆಚ್ಚು, ಉದ್ದದಲ್ಲಿ ನಾಲ್ಕು ಬೆರಳು ಕಮ್ಮಿ. ಮುನಿಕೃಷ್ಣಮ್ಮ ಒಂದೊಂದೇ ಎಣಿಸಿದಳು. ಎಪ್ಪತ್ನಾಲ್ಕು ಬಂದದ್ದೇ ತಡ, ಅವನ ಕಾಲಿಗೆ ಬಿದ್ದಳು. ಉಳಿದ ಬೆಳ್ಳಿ ಕೊಟ್ಟರೆ ಗುಟ್ಟು ರಟ್ಟಾದೀತೆಂದು ಆಚಾರಿ ಪೊಟ್ಟಣವನ್ನು ಪೆಟ್ಟಿಗೆಯಲ್ಲೇ ಬಿಟ್ಟ.

ಹಬ್ಬ ಕಳೆದು ಹತ್ತು ದಿನಕ್ಕೆ ಅವಳ ಅತ್ತೆ ಸೊಣ್ಣಮ್ಮ ಸಂತೆಗೆ ಬಂದವಳು ಅಂಗಡಿ ಮುಂದೆ ನಿಂತಳು.

"ಮಗೀನ ಪ್ಯಾಟೆ ದೊಡ್ಡಾಸ್ಪತ್ರೆಗೆ ತಕ್ಕೊಂಡೋಗಿ ಅಂತ ಕಾಂಪೌಂಡರ್ರು ಬಾಯಿ ಬಡ್ಕಂಡ್ರು. ಇವ್ಳು ಕೇಳಲ್ಲ. ಕೊಂಡಿ ಎಚ್ಚಾಗೈತೆ, ನನ್ ಮಗ ಬೆಳ್ದವ್ನೆ ಅಂತಾಳೆ. ಇಂಗೆ ಮಗೀ ಗಂಟ್ಲಲ್ಲಿ ನೀರೂ ಇಳೀದಂಗಾದ್ರೆ ಏನ್ ಮಾಡಾದು ಆಚಾರ್ರೇ?"

ಆಚಾರಿ ಇಕ್ಕಳ ಕೆಳಗಿಟ್ಟ. ಕರುಣೆಯಂತೆ ಕರುಣೆ! ಥೂ, ಇದಕ್ಕಿಂತ ಬೆಳ್ಳಿ ಕದ್ದಿದ್ದರೇ ವಾಸಿಯಿತ್ತು ಅಂತ ತನಗೆ ತಾನೇ ಉಗಿದುಕೊಂಡ. ಪೊಟ್ಟಣವನ್ನು ಜೇಬಿಗೆ ಹಾಕಿ, ಅಂಗಡಿ ಬಾಗಿಲನ್ನೂ ಮುಚ್ಚದೆ ಬಸ್ಸು ಹಿಡಿದ. ಇಳಿದವನೇ ಪಂಚೆ ಎತ್ತಿ ಕಟ್ಟಿ ಕೆಂಪಾಪುರದ ದಾರಿಯಲ್ಲಿ ಓಡಿದ.

ಮುನಿಕೃಷ್ಣಮ್ಮ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಆಚಾರಿ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟ.

"ಮೋಸ ಮಾಡ್ಬಿಟ್ಟೆ ತಾಯಿ. ದೊಡ್ಡ ಕೊಂಡಿ ಕರಗಿಸಿ ಸಣ್ಣದು ಮಾಡ್ದೆ. ಉಳಿದ ಬೆಳ್ಳಿ ಇದು, ನೋಡು. ನಿನ್ ಮಗ ಬೆಳೆದಿಲ್ಲ ಕಣಮ್ಮ, ಇಳ್ದೋಗಿದಾನೆ. ಏಳು, ಆಸ್ಪತ್ರೆಗೆ ಹೋಗ್ಬೇಕು."

ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ತಲೆ ತಗ್ಗಿಸಿ ನಿಂತ. ಹೊಡೆದಿದ್ದರೆ ಅವನಿಗೂ ಸಮಾಧಾನವಾಗುತ್ತಿತ್ತು. ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ಬೆಳ್ಳಿ ಕದ್ದೆ ಅನ್ನಿ ಆಚಾರ್ರೇ. ನಾನು ಯಾರ್ಗೂ ಏಳಲ್ಲ, ಪೂರಾ ನೀವೇ ಮಡಿಕ್ಕಳಿ. ಮಗ ಇಳ್ದೋಗವ್ನೆ ಅಂತ ಮಾತ್ರ ಅನ್ಬ್ಯಾಡಿ."

ಆಚಾರಿ ಮಗುವಿನ ಅಂಗಿ ಎತ್ತಿದ. ಅಳತೆಗೆ ಸರಿಯಾಗಿ ಮಾಡಿಕೊಟ್ಟಿದ್ದ ಉಡಿದಾರವನ್ನು ಜಾರದಂತೆ ಕರಿ ದಾರದಿಂದ ಬಿಗಿದು ಕಟ್ಟಲಾಗಿತ್ತು. ಕಟ್ಟಿದವಳು ಅವಳೇ. ಗಂಟಿನೊಳಗೆ ಆರೇಳು ಕೊಂಡಿ ಮುದುಡಿಕೊಂಡಿದ್ದವು.

ಅವನು ಗಂಟು ಬಿಚ್ಚಿದ. ಕದಿರನನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ನಲವತ್ತು ವರ್ಷ ತೂಕ ನೋಡಿದ ಕೈಗೆ ತಕ್ಕಡಿ ಬೇಕಾಗಲಿಲ್ಲ. ದೊಡ್ಡ ರಸ್ತೆಯ ಕಡೆ ಓಡಿದ. ಹಿಂದೆ ಅವಳು ಎದೆ ಬಡಿದುಕೊಳ್ಳುತ್ತ ಓಡಿ ಬಂದಳು.

ಅರ್ಧ ದಾರಿಯಲ್ಲಿ ಉಡಿದಾರ ಮಗುವಿನ ಕಾಲುಗಳ ಮೇಲೆ ಜಾರಿ ಮಣ್ಣಿಗೆ ಬಿತ್ತು. ಆಚಾರಿ ತಡವರಿಸಿದ.

"ಬಿಡಿ ಅದ್ನ!" ಮುನಿಕೃಷ್ಣಮ್ಮ ಅದನ್ನು ದಾಟಿ ಮುಂದೆ ಬಂದಳು. "ನಿಲ್ಬ್ಯಾಡಿ ಆಚಾರ್ರೇ, ಓಡಿ!"