ನಲವತ್ತೊಂದನೆಯ ಅಭಿಪ್ರಾಯ

ಊನಾ ಪ್ರಿಸ್ಕ್ ಎಂಬುವಳು ಇರಲೇ ಇಲ್ಲ. ಆದರೆ ಕೌನ್ಸಿಲರ್ ಡೊರೀನ್ ಹ್ಯಾಲೆಟ್ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿ ಅವಳ ನಂಬರ್ ಕೇಳುತ್ತಿದ್ದಳು.

"ಅವರು ನಂಬರ್ ಕೊಟ್ಟಿಲ್ಲ," ಎಂದ ಕೌನ್ಸಿಲ್ ಕಚೇರಿಯ ಗ್ರಾಂಟ್ ಟ್ರೆಲೋರ್.

"ವಿಳಾಸ?"

"ಶೆಲ್ ಸ್ಟ್ರೀಟ್ ಅಂತಷ್ಟೇ ಇದೆ."

"ಮನೆ ನಂಬರು?"

"ಕೆಲವರು ಬರೆಯೋಲ್ಲ."

ಅತ್ತ ಕಡೆ ಡೊರೀನ್ ಉಸಿರು ಬಿಟ್ಟದ್ದು ಕೇಳಿಸಿತು. ಕುರಿ ಸಾಕಿ, ಗಂಡನನ್ನು ಮಣ್ಣು ಮಾಡಿ, ಹನ್ನೆರಡು ವರ್ಷಗಳಿಂದ ಪೋರ್ಟ್ ಹ್ಯಾರೋ ಕೌನ್ಸಿಲಿನಲ್ಲಿ ಕೂತ ಹೆಂಗಸು. ಕಲೆ, ಸಂಸ್ಕೃತಿ ಎಂಬ ಮಾತು ಸಭೆಯಲ್ಲಿ ಬಂದಾಗಲೆಲ್ಲ ಕೈಗಡಿಯಾರ ನೋಡಿಕೊಳ್ಳುತ್ತಿದ್ದವಳು.

"ನಿನ್ನೆ ಮೂರು ಸಲ ಓದಿದೆ ಕಣಯ್ಯಾ ಅವಳು ಬರೆದ ಅಭಿಪ್ರಾಯಾನ. ಇವತ್ತು ಮೀಟಿಂಗಲ್ಲಿ ಆ ಹೆಂಗಸು ಇರಬೇಕು. ನಾನೇ ಹುಡುಕ್ತೀನಿ ಬಿಡು."

ಮಾತು ಮುಗಿದ ಮೇಲೂ ಗ್ರಾಂಟ್ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದ.

ಊರಿನ ಐದು ವರ್ಷಗಳ ಕಲೆ ಮತ್ತು ಸಂಸ್ಕೃತಿ ಯೋಜನೆಯನ್ನು ಬರೆದವನು ಅವನು. ಕರಡನ್ನು ಆರು ವಾರ ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂಬುದು ನಿಯಮ. ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತ. ಲೈಬ್ರರಿಯಲ್ಲಿ ಬೋರ್ಡು ನಿಲ್ಲಿಸಿ, ನಿಮಗೆ ಬೇಕಾದದ್ದರ ಮುಂದೆ ಅಂಟಿಸಿ ಎಂದು ಬಣ್ಣದ ಚುಕ್ಕಿಗಳನ್ನಿಟ್ಟ. ಮಕ್ಕಳು ಅವನ್ನು ಹಣೆಗೆ ಅಂಟಿಸಿಕೊಂಡು ಹೋದರು. ಕೊನೆಗೆ ಬಂದ ಅಭಿಪ್ರಾಯಗಳು ಮೂರು: ಒಂದು ಬೀದಿಗಳಲ್ಲಿನ ನಾಯಿ ಹೇಲಿನ ಬಗ್ಗೆ, ಒಂದು ದೋಣಿ ಇಳಿಸುವ ಜಾಗದ ಬಗ್ಗೆ, ಇನ್ನೊಂದು ಖಾಲಿ ಹಾಳೆ. ಖಾಲಿ ಹಾಳೆಗೆ ಸಹಿ ಮಾತ್ರ ಇತ್ತು.

"ಮೂರು ಅಂತ ವರದಿ ಕೊಡೋಕಾಗುತ್ತಾ?" ಎಂದಿದ್ದ ಮ್ಯಾನೇಜರ್ ಬ್ರೂನೋ. "ಊರಲ್ಲಿ ಜನ ಇಲ್ವಾ ಅಂತಾರೆ."

ಉಳಿದ ಮೂವತ್ತೆಂಟನ್ನು ಗ್ರಾಂಟ್ ಬರೆದ. ಬೇರೆ ಬೇರೆ ಪೆನ್ನು, ಬೇರೆ ಬೇರೆ ಕೈಬರಹ. ಕೆಲವನ್ನು ಎಡಗೈಯಲ್ಲಿ ಬರೆದ. ಮೊದಲು ಭಯವಾಯಿತು, ಹತ್ತರ ಹೊತ್ತಿಗೆ ರೂಢಿಯಾಯಿತು, ಇಪ್ಪತ್ತು ದಾಟಿದ ಮೇಲೆ, ಬರೆಯಲು ಊಟದ ಬಿಡುವು ಯಾವಾಗ ಬಂದೀತೋ ಎಂದು ಕಾಯತೊಡಗಿದ. ಆ ಊರಿಗೆ ಬಂದ ಆರು ವರ್ಷಗಳಲ್ಲಿ ಅವನಿಗೆ ಇಷ್ಟು ಜನರ ಪರಿಚಯವಾದದ್ದು ಅದೇ ಮೊದಲು.

ಕೊನೆಯವಳು ಊನಾ. ಅವಳನ್ನು ಬರೆದ ದಿನ ಊಟಕ್ಕೆ ತಂದು ಮೇಜಿನ ಮೇಲಿಟ್ಟಿದ್ದ ಮಾಂಸದ ಪೈ ತಣ್ಣಗಾಗಿ, ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು.

ಹನ್ನೊಂದಕ್ಕೆ ಬ್ರೂನೋನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

"ಆ ಅಭಿಪ್ರಾಯಗಳ ವಿಷಯ..."

"ಚೆನ್ನಾಗಿವೆ."

"ಅದಲ್ಲ. ಅವನ್ನ ಬರೆದವರು..."

ಬ್ರೂನೋ ಕೈ ಅಡ್ಡ ಹಿಡಿದ. "ನೋಡು ಮಾರಾಯ, ನೀನು ಹೇಳಿದ್ರೆ ನನಗೆ ಗೊತ್ತಾಗುತ್ತೆ. ಗೊತ್ತಾದ್ರೆ ನಿನ್ನನ್ನ ಮನೆಗೆ ಕಳಿಸ್ಬೇಕಾಗುತ್ತೆ. ಏನಾದ್ರೂ ಹೇಳೋದಿದೆಯಾ?"

"ಇಲ್ಲ."

"ಹಂಗಾದ್ರೆ ಬಾಗಿಲು ತೆಗೆದಿಟ್ಟೇ ಹೋಗು. ಸೆಕೆ."

ಎರಡು ಗಂಟೆಗೆ ಡೊರೀನಳ ಫೋನು ಮತ್ತೆ ಬಂತು. ಹಿಂದೆ ಗಾಳಿಯ ಸದ್ದು.

"ಶೆಲ್ ಸ್ಟ್ರೀಟಿನ ಎಲ್ಲಾ ಬಾಗಿಲೂ ಬಡಿದೆ. ಊನಾ ಪ್ರಿಸ್ಕ್ ಯಾರಿಗೂ ಗೊತ್ತಿಲ್ಲ."

ಗ್ರಾಂಟ್ ಗೋಡೆಗೆ ಒರಗಿದ. ಅಂಥವಳೇ ಇಲ್ಲವೆಂದು ಈಗ ಹೇಳುತ್ತಾಳೆ, ಅಂದುಕೊಂಡ. ಹೇಳಿಬಿಟ್ಟರೆ ಒಳ್ಳೆಯದು.

"ಗೊತ್ತಿಲ್ಲ ಅಂದ್ರೇನು ಬಂತು?" ಎಂದಳು ಡೊರೀನ್. "ಪಕ್ಕದ ಮನೇಲಿ ಯಾರಿದಾರೆ ಅಂತಾನೇ ಗೊತ್ತಿಲ್ಲ ಆ ಜನಕ್ಕೆ! ಪಾಪದ್ದು ಬರೆದಿರೋದೂ ಅದನ್ನೇ ಅಲ್ವೇನೋ? ಎಲ್ಲರಿಗೂ ಹೇಳಿ ಬಂದಿದೀನಿ, ಸಿಕ್ಕಿದ್ರೆ ಕಳಿಸಿ ಅಂತ."

ನಾಲ್ಕಕ್ಕೆ ಸಭೆ. ಸಾಮಾನ್ಯವಾಗಿ ಖಾಲಿ ಇರುವ ಸಾರ್ವಜನಿಕರ ಕುರ್ಚಿಗಳು ಅಂದು ತುಂಬಿದ್ದವು. ಮೈಕು ನೋಡಿಕೊಳ್ಳುವವಳು ರಜೆ ಹಾಕಿದ್ದರಿಂದ ಗುಂಡಿಗಳ ಪೆಟ್ಟಿಗೆಯನ್ನು ಗ್ರಾಂಟ್‌ನ ಮುಂದಿಟ್ಟಿದ್ದರು. ಯಾರಾದರೂ ಮಾತಿಗೆ ನಿಂತರೆ ಅವರ ಗುಂಡಿಯನ್ನು ಅವನು ಒತ್ತಬೇಕು.

ಡೊರೀನ್ ಎದ್ದು ಕನ್ನಡಕ ಹಾಕಿಕೊಂಡಳು. ಅವನು ಗುಂಡಿ ಒತ್ತಿದ, ಅದರ ಕೆಂಪು ದೀಪ ಹಸಿರಾಯಿತು.

"'ಸಂಜೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಹಾಡಿಕೊಳ್ಳುತ್ತೇನೆ,'" ಎಂದು ಓದಿದಳು. "'ಕಿಟಕಿ ತೆರೆದೇ ಇರುತ್ತದೆ. ಆರು ವರ್ಷಗಳಲ್ಲಿ ಅದು ಯಾವ ಹಾಡು ಎಂದು ಒಬ್ಬರೂ ಕೇಳಿಲ್ಲ. ಗಲಾಟೆ ನಿಲ್ಲಿಸು ಎಂದೂ ಹೇಳಿಲ್ಲ. ನನಗೆ ರಂಗಮಂದಿರ ಬೇಡ. ಯಾರಾದರೂ ಬೈಯುವಷ್ಟು ಹತ್ತಿರ ಬಂದರೆ ಸಾಕು.'"

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಹಿಂದೆ ಯಾರೋ ಮೂಗು ಸೀಟಿದರು. ಬ್ರೂನೋ ಚಾವಣಿ ನೋಡುತ್ತಿದ್ದ. ಗ್ರಾಂಟ್‌ನ ಕಿವಿಗಳು ಬಿಸಿಯಾದವು. ನಾಚಿಕೆ ಎಂದು ಮೊದಲು ಅನ್ನಿಸಿತು, ಅಲ್ಲ. ಅವನ ಮಾತನ್ನು ಇಷ್ಟು ಜನ ಉಸಿರು ಹಿಡಿದು ಕೇಳಿದ್ದು ಇದೇ ಮೊದಲು. ಅದು ಅವನದೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

"ಊನಾ ಪ್ರಿಸ್ಕ್ ಬಂದಿದಾರಾ?" ಮೇಯರ್ ಕೇಳಿದ.

ಜನ ಹಿಂದೆ ಮುಂದೆ ತಿರುಗಿ ಹುಡುಕಿದರು.

"ಇದನ್ನ ಬರೆದೋರು ಇಲ್ಲಿದ್ರೆ ದಯವಿಟ್ಟು ಕೈ ಎತ್ತಿ."

ಗ್ರಾಂಟ್ ತನ್ನ ಬಲಗೈಯನ್ನು ನೋಡಿದ. ಅದು ಮೇಜಿನಿಂದ ಒಂದು ಗೇಣು ಮೇಲೆದ್ದಿತ್ತು.

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು, ಆ ಸೆಕೆಯಲ್ಲೂ ಹಸಿರು ಉಣ್ಣೆಯ ಅಂಗಿ, ಎದ್ದು ನಿಂತಿದ್ದಳು. ಅವನು ಅವಳನ್ನು ಎಂದೂ ನೋಡಿರಲಿಲ್ಲ. ಜನ ತಿರುಗಿದರು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅವಳು ಗೋಡೆಗೆ ಕೈಯಾನಿಸಿಕೊಂಡು ನಿಧಾನವಾಗಿ ಮುಂದೆ ಬಂದಳು. ಅವನ ಮೇಜಿನ ಪಕ್ಕ ಬಂದಾಗ ಗ್ರಾಂಟ್ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದ:

"ನೀವು ಬರೆದದ್ದಾ ಅದು?"

ಅವಳು ನಿಂತಳು. ಕಣ್ಣುಗಳು ತಿಳಿಯಾಗಿದ್ದವು.

"ಬರೆದದ್ದು ನೆನಪಿಲ್ಲ ಕಣಪ್ಪಾ," ಎಂದಳು. "ಆದ್ರೆ ಅದು ನಂದೇ."

ಮೈಕಿನ ಮುಂದೆ ಹೋಗಿ ನಿಂತಳು. ಚಪ್ಪಾಳೆ ನಿಂತಿತು. ಅವಳು ಬಾಯಿ ತೆರೆದಳು.

ಮಾತೋ ಹಾಡೋ ಗೊತ್ತಾಗಲಿಲ್ಲ. ಅಷ್ಟು ಸಣ್ಣ ದನಿ, ಸಭಾಂಗಣದ ಫ್ಯಾನುಗಳೇ ಅದನ್ನು ನುಂಗಿಬಿಟ್ಟವು.

"ಗ್ರಾಂಟ್, ಮೈಕು!" ಎಂದಳು ಡೊರೀನ್.

ಅವನ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದರೆ ಅವಳು ಊನಾ ಆಗುತ್ತಾಳೆ. ಆಮೇಲೆ ಅವನ ಹತ್ತಿರ ಏನೂ ಉಳಿಯುವುದಿಲ್ಲ. ಒತ್ತದಿದ್ದರೆ?

"ಗ್ರಾಂಟ್!"

ಕೆಂಪು ದೀಪ ಹಸಿರಾಗಲಿಲ್ಲ. ಹೆಂಗಸಿನ ತುಟಿಗಳು ಆಡುತ್ತಲೇ ಇದ್ದವು, ಕತ್ತಿನ ನರ ಉಬ್ಬಿತ್ತು. ಇಡೀ ಊರು ಕಿವಿಗೆ ಕೈ ಒಡ್ಡಿಕೊಂಡು, ಕುರ್ಚಿಯ ಅಂಚಿಗೆ ಸರಿದು, ಅವಳತ್ತ ಬಾಗಿ ಕೂತಿತ್ತು.