ಐದು ಗಂಟೆಯ ಕರೆಂಟು

ನಮ್ಮ ನಡುಮನೆಯ ಗೂಡಿನಲ್ಲಿ ಬೀಗಿತ್ತಿಯ ದನಿಯನ್ನು ತಂದು ಕೂರಿಸಿದವಳು ನನ್ನ ಸೊಸೆ ರೂಪಶ್ರೀ.

ಸೋಪಿನ ಡಬ್ಬಿಯಷ್ಟಗಲದ ಒಂದು ಪೆಟ್ಟಿಗೆ. ಅವಳೇ ವೈರು ಬೆಸೆದು ಮಾಡಿದ್ದು. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಓದಿದವಳು, ಡೇರಿಗಳಲ್ಲಿ ಹಾಲಿನ ಫ್ಯಾಟು ನೋಡುವ ಮಷೀನುಗಳನ್ನು ರಿಪೇರಿ ಮಾಡುವುದು ಅವಳ ಕೆಲಸ. ಬೆಳಗ್ಗೆ ಎಂಟಕ್ಕೆ ಸ್ಕೂಟರ್ ಹತ್ತಿದರೆ ಹಿರೀಸಾವೆ, ಶ್ರವಣಬೆಳಗೊಳ ಎಂದು ಸುತ್ತಿ, ಚನ್ನರಾಯಪಟ್ಟಣದ ನಮ್ಮ ಮನೆಗೆ ಮರಳುವಾಗ ಸಂಜೆ ಏಳು. ನನ್ನ ಮಗ ಸುದರ್ಶನ್‌ಗೆ ಗೊರೂರಿನಲ್ಲಿ ನೌಕರಿ, ಬರುವುದು ಶನಿವಾರ ರಾತ್ರಿ. ಉಳಿದಂತೆ ಮೊಮ್ಮಗಳು ಹಂಸ ನನ್ನ ಪಾಲಿಗೆ. ಎರಡನೇ ಕ್ಲಾಸು.

ತಾನಿಲ್ಲದಾಗ ಹೊತ್ತುಹೊತ್ತಿಗೆ ಮನೆಯಲ್ಲಿ ಜ್ಞಾಪಿಸಲು ಒಂದು ದನಿ ಇರಲಿ ಎಂದು ಆ ಪೆಟ್ಟಿಗೆ. ತವರಿಗೆ ಹೋದವಳು ತನ್ನ ತಾಯಿಯ ಕೈಲಿ ಎಲ್ಲ ಮಾತನ್ನೂ, ಹಂಸಳ ಪಾಠಗಳನ್ನೂ ಹೇಳಿಸಿ ತುಂಬಿಸಿಕೊಂಡು ಬಂದಳು. ಅರಕಲಗೂಡಿನ ಪುಟ್ಟತಾಯಿ ಟೀಚರು ಎಂದರೆ ಸಾಮಾನ್ಯವೇ? ಮೂವತ್ತನಾಲ್ಕು ವರ್ಷ ಪಾಠ ಹೇಳಿದ ಗಂಟಲು. ಮನೆಯಲ್ಲೇ ಇದ್ದ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮೊದಲ ದಿನ ಬೆಳಗ್ಗೆ ಒಂಬತ್ತಕ್ಕೆ ನಾನು ಹಿತ್ತಲಲ್ಲಿದ್ದೆ.

"ಬೀಗರೇ, ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಒಳಗಿನಿಂದ ಕೇಳಿಸಿತು.

ಬೀಗರು ಬಂದಾಗ ಬರಿಗೈಯಲ್ಲಿ ಎದುರಾಗುತ್ತಾರೆಯೇ? "ಕೂತ್ಕಳಿ ಬೀಗ್ರೆ, ಬಂದ್ಬುಟ್ಟೆ" ಎಂದು ಕೂಗಿ, ಹಿಂದಿನ ಬಾಗಿಲಿಂದಲೇ ಅಡುಗೆಮನೆ ಹೊಕ್ಕು, ಸೆರಗು ಸರಿಮಾಡಿಕೊಂಡು ಎರಡು ಲೋಟ ಕಾಫಿ ಬೆರೆಸಿ, ತಟ್ಟೆಯಲ್ಲಿ ನಾಲ್ಕು ಚಕ್ಕುಲಿ ಇಟ್ಟುಕೊಂಡು ಬಂದೆ. ನಡುಮನೆಯಲ್ಲಿ ನರಪಿಳ್ಳೆ ಇಲ್ಲ. ಪೇಪರು ಕೇಳಲು ಬಂದ ಪಕ್ಕದ ಮನೆ ಕೆಂಪಣ್ಣ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ.

"ಏನಕ್ಕಾ, ಡಬ್ಬಿಗೂ ಕಾಫಿ ಕೊಟ್ಟೀಯಾ? ಸಕ್ರೆ ಕಮ್ಮಿ ಆಕು, ಅದ್ಕೂ ಸುಗರ್ ಬಂದ್ಗಿಂದಾತು."

"ನೀನೇ ಕುಡ್ಕಂಡು ಓಗು ಅತ್ಲಾಗೆ."

ಬೀಗಿತ್ತಿಯ ಪಾಲಿನ ಕಾಫಿಯನ್ನು ಅವನು ಕುಡಿದು, ಚಕ್ಕುಲಿಯನ್ನು ಜೇಬಿಗೆ ಹಾಕಿಕೊಂಡು ಹೋದ.

ಇದನ್ನೆಲ್ಲ ನಕ್ಕು ಮರೆಯುತ್ತಿದ್ದೆ. ಮರೆಯಲಾಗದ್ದು ಸಂಜೆಯ ಐದು ಗಂಟೆ.

ಹೊಳೆನರಸೀಪುರದಲ್ಲಿದ್ದಾಗ ನಲವತ್ತೆರಡನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಹಗಲೆಲ್ಲ ಕಳೆ ಕಿತ್ತ ಕೈಯಲ್ಲಿ ಬಳಪ ಹಿಡಿದರೆ ಅದು ಮುರಿದೇ ಹೋಗುತ್ತಿತ್ತು. ನಾನು 'ಅ' ತಿದ್ದುವ ಹೊತ್ತಿಗೆ ಸುದರ್ಶನ್ ಹೈಸ್ಕೂಲು ದಾಟಿದ್ದ. ಅವನಿಗೆ ಒಂದು ದಿನವೂ ಓದಿಸಲು ನನ್ನಿಂದಾಗಲಿಲ್ಲ. ಹಂಸಳಿಗೆ ಓದಿಸಿದೆ. ದಿನವೂ ಐದಕ್ಕೆ ಹಾಲು ಕುಡಿದು ಅವಳು ನನ್ನ ತೊಡೆಗೆ ಒರಗುವುದು, ನಾನು ಸಾಲಿನ ಕೆಳಗೆ ಬೆರಳಿಡುವುದು, ಇಬ್ಬರೂ ಸೇರಿ ಓದುವುದು. ನಾನು ಪಡೆದುಕೊಂಡು ಬಂದದ್ದೆಲ್ಲ ಆ ಅರ್ಧ ಗಂಟೆಯಲ್ಲಿತ್ತು.

ಈಗ ಐದಾಗುತ್ತಲೇ ಪೆಟ್ಟಿಗೆ, "ಹಂಸಾ, ಪುಸ್ತಕ ತಗೋ ಪುಟ್ಟಾ" ಎಂದು ಶುರುಮಾಡುತ್ತಿತ್ತು. ಪುಟ್ಟತಾಯಿ ಟೀಚರು ಹುಲಿಯ ಪಾಠ ಬಂದರೆ ಗುರ್ ಎನ್ನುತ್ತಿದ್ದರು, ಮುದುಕನ ಮಾತು ಬಂದರೆ ಕೆಮ್ಮುತ್ತಿದ್ದರು. ಮಗು ಗೂಡಿನ ಮುಂದೆ ಮಣೆ ಹಾಕಿಕೊಂಡು, ನನಗೆ ಬೆನ್ನು ಮಾಡಿ ಕೂರುತ್ತಿತ್ತು.

ಹೊಟ್ಟೆಕಿಚ್ಚನ್ನು ಉರಿ ಎನ್ನುತ್ತಾರೆ. ನನಗದು ಹಲ್ಲಿನ ಸಂದಿಗೆ ಸಿಕ್ಕಿದ ಅಡಕೆ ಚೂರಿನ ಹಾಗಿತ್ತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಅವರಿಗೆ ಓದಿಸಲು ಊರ ಮಕ್ಕಳೆಲ್ಲ ಸಿಕ್ಕಿದ್ದರು. ನನಗೆ ಸಿಕ್ಕಿದ್ದು ಒಂದು. ಅದೂ ಅವರಿಗೇ ಬೇಕೆ?

ಒಂದು ವಾರ ತಡೆದೆ. ಮಂಗಳವಾರ ಐದಕ್ಕೆ ಐದು ನಿಮಿಷವಿದ್ದಾಗ ಪೆಟ್ಟಿಗೆಯ ಪ್ಲಗ್ಗು ಕಿತ್ತುಬಿಟ್ಟೆ.

"ಕರೆಂಟು ಓಯ್ತು ಕಣವ್ವಾ. ಬಾ, ನಾವೇ ಓದ್ಕಳಾಣ."

ಹಂಸ ತಲೆ ಎತ್ತಿ ನೋಡಿದಳು. "ಫ್ಯಾನ್ ತಿರುಗ್ತೈತಲ್ಲಜ್ಜಿ?"

"ಅದು ಓಡ್ತಿದ್ದ ಜೋರಿಗೆ ತಿರುಗ್ತಾ ಐತೆ, ತಡಿ" ಎಂದವಳೇ ಪಡಸಾಲೆಗೆ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದೆ. ಫ್ಯಾನು ನಿಂತಿತು. ಮಗು ಬಂದು ನನ್ನ ತೊಡೆಗೆ ಒರಗಿತು. ಅರ್ಧ ಗಂಟೆ ಸೊಗಸಾಗಿ ಓದಿ, ಆಮೇಲೆ ಸ್ವಿಚ್ಚು ಮೇಲೆ ಮಾಡಿ ಪ್ಲಗ್ಗು ಸಿಕ್ಕಿಸಿದೆ. ಪೆಟ್ಟಿಗೆಯ ಐದು ಗಂಟೆ ಕಳೆದುಹೋಗಿತ್ತು, ಅದು ಸುಮ್ಮನಿತ್ತು.

ನಾನು ಮರೆತದ್ದು ಕೋಣೆಯಲ್ಲಿದ್ದ ಮಷೀನನ್ನು. ಹಿಂದಿನ ದಿನವಷ್ಟೇ ರೂಪಶ್ರೀ ಹಿರೀಸಾವೆ ಕಡೆಯ ಒಂದು ಡೇರಿಯಿಂದ ಅದನ್ನು ತಂದು, ರಿಪೇರಿ ಮಾಡಿ, ರಾತ್ರಿ ಒಂಬತ್ತಕ್ಕೆ ಓಡಲು ಬಿಟ್ಟಿದ್ದಳು. ಯಾವ ಮಷೀನನ್ನೇ ಆಗಲಿ ಮನೆಯಲ್ಲಿ ಇಪ್ಪತ್ತನಾಲ್ಕು ಗಂಟೆ ನಿಲ್ಲದೆ ಓಡಿಸಿ ನೋಡದೆ ಅವಳು ವಾಪಸು ಕೊಡುವುದಿಲ್ಲ. ಓಡಿದ ಗಂಟೆಗಳನ್ನು ಅದರ ಪರದೆಯೇ ಎಣಿಸುತ್ತದೆ, ನಡುವೆ ನಿಂತರೆ ಮತ್ತೆ ಸೊನ್ನೆಯಿಂದ.

ಏಳಕ್ಕೆ ಬಂದವಳು ಪರದೆ ನೋಡಿದಳು. ಇಪ್ಪತ್ತೆರಡು ಇರಬೇಕಾದಲ್ಲಿ ಒಂದು.

"ಅತ್ತೆ, ಸಂಜೆ ಕರೆಂಟ್ ಹೋಗಿತ್ತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪಡಸಾಲೆಯಲ್ಲಿ ಕೆಂಪಣ್ಣ ಕೂತಿದ್ದ, ಅವನ ಮನೆಯಲ್ಲಿ ಕರೆಂಟು ಹೋಗಿರಲಿಲ್ಲ.

"ಇಲ್ವಲ್ಲವ್ವಾ" ಎಂದೆ.

ಹಾಗಾದರೆ ಮಷೀನಿನಲ್ಲೇ ಏನೋ ಉಳಿದಿದೆ ಎಂದು ಅವಳು ಮತ್ತೆ ಬಿಚ್ಚಿದಳು. ಒಂಬತ್ತಕ್ಕೆ ಮತ್ತೆ ಓಡಲು ಬಿಟ್ಟಳು. ಬುಧವಾರವೂ ನಾನು ಸ್ವಿಚ್ಚು ಎಳೆದೆ. ಎಳೆಯಬಾರದೆಂದು ಗೊತ್ತಿತ್ತು, ಆದರೆ ಪೆಟ್ಟಿಗೆ ಬಾಯಿ ತೆರೆಯುವ ಹೊತ್ತಾದರೆ ನನ್ನ ಕೈ ನಿಲ್ಲುತ್ತಿರಲಿಲ್ಲ. ಗುರುವಾರವೂ ಎಳೆದೆ. ಆ ಸಂಜೆ ಡೇರಿಯ ಸೆಕ್ರೆಟರಿ ಧರ್ಮೇಂದ್ರನ ಫೋನು ಬಂತು. ಅವನ ಗಂಟಲು ಅಡುಗೆಮನೆಗೂ ಕೇಳುತ್ತಿತ್ತು.

"ಮಡಿಕ್ಯಂಡು ನಾಕ್ ದಿನ ಆಯ್ತು ಮೇಡಂ! ಪಕ್ಕದೂರಿನ ಮಷೀನ್ ಇಸ್ಕಂಡು ದಿನಾ ಬೈಸ್ಕತಿದೀವಿ. ನಿಮ್ ಕೈಲಿ ಆಗ್ದಿದ್ರೆ ಏಳ್ಬುಡಿ, ಬೇರೆ ಗಂಡಸ್ರು ಯಾರಾದ್ರೂ ಅವ್ರಾ ಅಂತ ಕಂಪ್ನಿಯೋರ್ನೇ ಕೇಳ್ತೀವಿ."

"ಶನಿವಾರ ಬೆಳಗ್ಗೆ ತಂದುಕೊಡ್ತೀನಿ ಸಾರ್" ಎಂದಳು. ಉಣ್ಣಲು ಬರದೆ ಮಷೀನನ್ನು ಮತ್ತೆ ಬಿಚ್ಚಿ ನೋಡಿ, ಒಂಬತ್ತಕ್ಕೆ ಓಡಲು ಬಿಟ್ಟಳು. ಮುದ್ದೆ ತಟ್ಟೆಯಲ್ಲೇ ಒಣಗಿತು.

ಶುಕ್ರವಾರ ಅವಳು ಅರ್ಧ ದಿನ ರಜೆ ಹಾಕಿ ಬಂದು, ಕಣ್ಣಾರೆ ನೋಡಿಯೇ ಬಿಡುತ್ತೇನೆಂದು ಮಷೀನಿನ ಮುಂದೆ ಕೂತಳು. ನಾನು ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತೆ. ಮೇನ್ ಸ್ವಿಚ್ಚು ನನ್ನ ತಲೆಯ ಮೇಲೆಯೇ ಇತ್ತು. ಅತ್ತ ನೋಡಲಿಲ್ಲ.

"ಹಂಸಾ, ಪುಸ್ತಕ ತಗೋ ಪುಟ್ಟಾ."

ಮಗು ಮಣೆ ಎಳೆದುಕೊಂಡು ಗೂಡಿನ ಮುಂದೆ ಕೂತಿತು. ಹುಲಿ ಗುರುಗುಟ್ಟಿತು. ನಾನು ಕಾಳನ್ನು ಸಿಪ್ಪೆಗೆ ಹಾಕುತ್ತಿದ್ದೆ, ಸಿಪ್ಪೆಯನ್ನು ಕಾಳಿಗೆ.

ಇಪ್ಪತ್ತು ಮುಟ್ಟುವಷ್ಟರಲ್ಲಿ ನಿಲ್ಲುತ್ತಿದ್ದ ಮಷೀನು ಆರು ಗಂಟೆಗೆ ಇಪ್ಪತ್ತೊಂದು ತೋರಿಸಿತು. ರೂಪಶ್ರೀ ತಲೆ ಕೆರೆದುಕೊಂಡು ಹೊರಗೆ ಬಂದಳು.

"ಇದೇನತ್ತೆ ವಿಚಿತ್ರ! ನಾನು ಎದುರಿಗೆ ಕೂತರೆ ನೆಟ್ಟಗಿರುತ್ತೆ."

ಹಂಸ ಪುಸ್ತಕ ಮಡಚುತ್ತ ಹೇಳಿದಳು: "ಇವತ್ತು ಕರೆಂಟೇ ಓಗ್ಲಿಲ್ಲ ಕಣಮ್ಮ. ದಿನಾ ಓಗ್ತಿತ್ತು."

ಸೊಸೆ ನನ್ನ ಮುಖ ನೋಡಿದಳು. ನಾನು ಮೊರ ಕೆಳಗಿಟ್ಟೆ.

"ಓಗ್ತಿರಲಿಲ್ಲ ಕಣವ್ವಾ. ನಾನೇ ತೆಗೀತಿದ್ದೆ" ಎಂದು ತಲೆಯ ಮೇಲಿನ ಸ್ವಿಚ್ಚು ತೋರಿಸಿದೆ.

ಅವಳು ಎದುರಿನ ಮೆಟ್ಟಿಲ ಮೇಲೆ ಕೂತಳು.

"ಮೂರು ದಿನದಿಂದ ನಾನು ನನ್ನ ಕೈಯನ್ನೇ ಅನುಮಾನಿಸ್ತಿದ್ದೆ ಅತ್ತೆ. ಈ ಕೆಲಸ ಬಿಟ್ಟುಬಿಡೋಣ ಅಂತಲೂ ಅನ್ನಿಸ್ತು."

"ತೆಪ್ಪಾಯ್ತು ಕಣವ್ವಾ."

"ಡಬ್ಬಿ ಬೇಡ ಅಂತ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ಏನಂತ ಏಳ್ಲಿ? ನಿಮ್ಮವ್ವನ ಮ್ಯಾಲೆ ಒಟ್ಟೆಕಿಚ್ಚು ಅಂತ ಸೊಸೆ ತಾವ ಏಳಕಾದಾತಾ?"

ಅವಳು ಎದ್ದು ಕೋಣೆಗೆ ಹೋದಳು. ಆ ರಾತ್ರಿ ಒಂಬತ್ತಕ್ಕೆ ಮಷೀನು ಇಪ್ಪತ್ತನಾಲ್ಕು ಮುಟ್ಟಿದಾಗ ಒಳಗಿನಿಂದ ಅವಳ ನಿಟ್ಟುಸಿರು ಕೇಳಿಸಿತು.

ಶನಿವಾರ ಬೆಳಗ್ಗೆ ಮಷೀನನ್ನು ಸ್ಕೂಟರಿನ ಮುಂದೆ ಇಟ್ಟುಕೊಳ್ಳುವ ಮೊದಲು ಅವಳು ಪೆಟ್ಟಿಗೆಯ ಮುಂದೆ ಲ್ಯಾಪ್‌ಟಾಪ್ ಹಿಡಿದು ಸ್ವಲ್ಪ ಹೊತ್ತು ಕೂತಳು. ಒಂಬತ್ತಕ್ಕೆ ಎಂದಿನಂತೆ, "ಬೀಗರೇ, ಮಾತ್ರೆ ತಗೊಂಡ್ರಾ?" ಎಂದಿತು.

"ತಗಂಡೆ ತಾಯಿ" ಎಂದೆ. ಉತ್ತರ ಕೊಡದಿದ್ದರೆ ಮರ್ಯಾದೆಯಲ್ಲ.

ಸಂಜೆ ಐದಾಯಿತು. ಪೆಟ್ಟಿಗೆ ಬಾಯಿ ಬಿಡಲಿಲ್ಲ. ಹಂಸ ಅದನ್ನು ಒಂದು ಗಳಿಗೆ ನೋಡಿದಳು, ಕೈಯಿಂದ ತಟ್ಟಿದಳು, ಆಮೇಲೆ ಪುಸ್ತಕ ಹಿಡಿದು ಬಂದು ನನ್ನ ತೊಡೆಗೆ ಒರಗಿದಳು. ನಾನು ಸಾಲಿನ ಕೆಳಗೆ ಬೆರಳಿಟ್ಟೆ. ಹುಲಿ ಬರುವ ಜಾಗದಲ್ಲಿ ಮಗು ನಿಲ್ಲಿಸಿತು.

"ಇಲ್ಲಿ ಅರಕಲಗೂಡಜ್ಜಿ ಗುರ್ ಅಂತಿದ್ರು."

ಹಲ್ಲಿನ ಸಂದಿಯ ಅಡಕೆ ಚೂರು ಇನ್ನೂ ಅಲ್ಲೇ ಇತ್ತು. ಪಡಸಾಲೆಯತ್ತ ಒಮ್ಮೆ ನೋಡಿ, ಕೆಂಪಣ್ಣ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಪ್ಪತ್ತರ ಗಂಟಲಲ್ಲಿ ಎಷ್ಟು ಬಲವಿತ್ತೋ ಅಷ್ಟನ್ನೂ ಹಾಕಿ ಗುರ್ ಎಂದೆ.

ಹಂಸ ಯೋಚಿಸಿದಳು.

"ಅವರದು ಇನ್ನೂ ಚೆನ್ನಾಗಿತ್ತು."

"ಅಂಗಾ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಪುಟ ತಿರುವಬ್ಯಾಡ. ಇನ್ನೊಂದ್ ಕಿತ ಕೇಳು."